ನಿಲ್ಲಲು ಕಲಿತ ಮೋಟಾರು

ಹೆಲಿಕಾಪ್ಟರಿನ ರೆಕ್ಕೆಯೊಂದು ಕೈಕೊಟ್ಟಿತು. ತಪ್ಪು ಅದರ ಒಳದಂಡದಲ್ಲಿತ್ತು. 1942ರಲ್ಲಿ ಸಿಕೋರ್ಸ್ಕಿ ಹೆಲಿಕಾಪ್ಟರುಗಳಿಗೆ ರೆಕ್ಕೆ ಮಾಡುವ ಗುತ್ತಿಗೆ ಹಿಡಿದಿದ್ದ ಅಮೆರಿಕದ ಜಾನ್ ಪಾರ್ಸನ್ಸ್ ಓದು ನಿಲ್ಲಿಸಿದ್ದು ಹೈಸ್ಕೂಲಿಗೇ. ಆದರೂ ರೆಕ್ಕೆಯ ಲೆಕ್ಕ ಬಗೆಹರಿಯುವವರೆಗೆ ಅವನು ಬಿಡುವವನಲ್ಲ.

1946ರಲ್ಲಿ ಎಂಜಿನಿಯರ್ ಫ್ರಾಂಕ್ ಸ್ಟುಲೆನ್‌ನನ್ನು ಕರೆತಂದ. ಬೇರೊಂದು ಕಂಪನಿಯಲ್ಲಿದ್ದ ಸ್ಟುಲೆನ್‌ನ ಸೋದರ ಮಾತಿನ ನಡುವೆ, ತಾವು ತೂತು ಹೊಡೆದ ಕಾರ್ಡುಗಳ ಯಂತ್ರದಿಂದ ಲೆಕ್ಕ ಮಾಡುತ್ತೇವೆ ಎಂದುಬಿಟ್ಟ. ಸ್ಟುಲೆನ್ ಅದನ್ನೇ ಹಿಡಿದ. ಅದುವರೆಗೆ ರೆಕ್ಕೆಯ ಅಂಚನ್ನು ಗುರುತಿಸಲು 17 ಬಿಂದುಗಳಿದ್ದವು; ಕಾರ್ಡುಗಳಿಂದ 200 ಸಿಕ್ಕವು. ಆ ಬಿಂದುಗಳಂತೆ ಲೋಹ ಕತ್ತರಿಸಲು ಒಬ್ಬ ಅಂಕಿ ಕೂಗಬೇಕು, ಇಬ್ಬರು ಮಿಲ್ಲಿಂಗ್ ಯಂತ್ರದ ಎರಡು ಚಕ್ರ ತಿರುಗಿಸಬೇಕು. ಇದನ್ನು ನೋಡಿದ ಪಾರ್ಸನ್ಸ್‌ಗೆ ಹೊಳೆಯಿತು: ಕಾರ್ಡನ್ನು ಯಂತ್ರವೇ ಓದಿಕೊಂಡು, ಚಕ್ರವನ್ನು ಮೋಟಾರೇ ತಿರುಗಿಸಿದರೆ?

1949ರಲ್ಲಿ ವಾಯುಪಡೆ ಹಣ ಕೊಟ್ಟಿತು. ಆದರೆ ಚಕ್ರಕ್ಕೆ ಮೋಟಾರು ಕಟ್ಟಿದ ಮಾತ್ರಕ್ಕೆ ಕೆಲಸ ಆಗುವಂತಿರಲಿಲ್ಲ. ಸಿಂಧನೂರಿನ ಎರೆಹೊಲದಲ್ಲಿ ಅದೇ ಜೋಡೆತ್ತು ಹದವಿದ್ದಲ್ಲಿ ಸರಾಗವಾಗಿ ಸಾಗಿ, ನೆಲ ಬಿಗಿದಲ್ಲಿ ಏದುಸಿರು ಬಿಡುವಂತೆ, ಲೋಹ ಎದುರಿಸಿದಷ್ಟೂ ಮೋಟಾರು ಹಿಂದೆ ಬೀಳುತ್ತಿತ್ತು. ಹೇಳಿದ್ದು ಒಂದು, ಸರಿದದ್ದು ಇನ್ನೊಂದು. ಪಾರ್ಸನ್ಸ್ ಎಂಐಟಿ ವಿಶ್ವವಿದ್ಯಾಲಯದ ಪ್ರಯೋಗಾಲಯದ ಬಾಗಿಲು ತಟ್ಟಿದ. ಅಲ್ಲಿಯ ತಜ್ಞರು ಕೆಲಸ ಕೈಗೆತ್ತಿಕೊಂಡರು. ಬರಬರುತ್ತ ಯೋಜನೆಯೇ ಅವರದಾಯಿತು, ಪಾರ್ಸನ್ಸ್ ಹೊರಗುಳಿದ.

1952ರ ಸೆಪ್ಟೆಂಬರಿನಲ್ಲಿ ಎಂಐಟಿ ಜನರ ಮುಂದೆ ಯಂತ್ರ ನಡೆಸಿ ತೋರಿಸಿತು. ನೂರಾರು ನಿರ್ವಾತ ನಳಿಗೆಗಳಿದ್ದ ಅದರ ನಿಯಂತ್ರಣ ಪೆಟ್ಟಿಗೆ ಯಂತ್ರಕ್ಕಿಂತ ಹೆಚ್ಚು ಜಾಗ ನುಂಗಿತ್ತು. ಆದರೆ ಪಾರ್ಸನ್ಸ್ ಸುಮ್ಮನಿರಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲೇ ಸ್ಟುಲೆನ್ ಜೊತೆ ಪೇಟೆಂಟಿಗೆ ಅರ್ಜಿ ಹಾಕಿದ್ದ. ಮೋಟಾರಿನಿಂದ ಯಂತ್ರವನ್ನು ಸರಿಯಾದ ಜಾಗಕ್ಕೆ ತರುವ ಸಾಧನ ತಮ್ಮದೆಂಬ ಆ ಹಕ್ಕು 1958ರ ಜನವರಿಯಲ್ಲಿ ಕೈಸೇರಿತು.

ಇಷ್ಟಾದರೂ ಲೋಹ ಕತ್ತರಿಸುವ ಟೂಲ್ ಬದಲಿಸುವ ಹೊತ್ತಿಗೆ ಯಂತ್ರ ನಿಲ್ಲುತ್ತಿತ್ತು, ಕೆಲಸಗಾರ ಸ್ಪ್ಯಾನರ್ ಹಿಡಿದು ಬರಬೇಕಿತ್ತು. ಆ ಕೊರತೆಯನ್ನು 1958ರಲ್ಲೇ ಮಿಲ್ವಾಕಿಯ ಕೀರ್ನಿ ಅಂಡ್ ಟ್ರೆಕರ್ ಕಂಪನಿ ನೀಗಿಸಿತು. ವ್ಯಾಲೇಸ್ ಬ್ರೇನಾರ್ಡ್ ರೂಪಿಸಿದ ಅದರ ಮಿಲ್ವಾಕಿ-ಮ್ಯಾಟಿಕ್ ಯಂತ್ರ ಟೂಲನ್ನು ತಾನೇ ಬದಲಿಸಿಕೊಂಡಿತು.

ಮೋಟಾರು ಹೇಳಿದ ಜಾಗದಲ್ಲೇ ನಿಲ್ಲುವುದರ ಗುಟ್ಟು ಇಷ್ಟೇ. ಮೋಟಾರು ಎಲ್ಲಿದೆ ಎಂಬುದನ್ನು ಅಳೆಯುವ ಸಾಧನ ಕ್ಷಣಕ್ಷಣಕ್ಕೂ ವರದಿ ಕೊಡುತ್ತದೆ. ಇರಬೇಕಾದ ಜಾಗಕ್ಕೂ ಇರುವ ಜಾಗಕ್ಕೂ ಅಂತರ ಅಳಿಯುವವರೆಗೆ ಮೋಟಾರು ತಿರುಗುತ್ತದೆ. ಇಂದಿನ ಯಂತ್ರಗಳಲ್ಲಿ ಹೀಗೆಯೇ ಟೂಲ್ ಹಿಡಿದು ತಿರುಗಿಸುವ ಸ್ಪಿಂಡಲ್ ಒಂದೇ ಕೋನಕ್ಕೆ ಬಂದು ನಿಲ್ಲುತ್ತದೆ, ಬೇಕಾದ ಟೂಲ್ ಎದುರಿಗೆ ಬರುತ್ತದೆ, ಎರಡು ತುದಿಯ ತೋಳು ಹಳೆಯದನ್ನು ಕಿತ್ತು ಹೊಸದನ್ನು ಕೂರಿಸುತ್ತದೆ.

1985ರಲ್ಲಿ ಪಾರ್ಸನ್ಸ್‌ಗೂ ಸ್ಟುಲೆನ್‌ಗೂ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ಸಂದಿತು. ಲಿಂಗಸುಗೂರು, ಮಸ್ಕಿ ಕಡೆಯಿಂದ ಐಟಿಐ ಮುಗಿಸಿ ಬೆಂಗಳೂರಿನ ಪೀಣ್ಯಕ್ಕೆ ಬರುವ ಹುಡುಗರು ಕಂಪ್ಯೂಟರ್ ಹೇಳಿದಂತೆ ನಡೆಯುವ ಸಿಎನ್‌ಸಿ ಯಂತ್ರದ ಗುಂಡಿ ಒತ್ತುವಾಗ ಒಂದನ್ನು ನೆನಪಿಡಬೇಕು: ಈ ವಿದ್ಯೆಯ ಮೊದಲ ಪ್ರಶ್ನೆ ಕೇಳಿದವನ ಬಳಿ ಎಂಜಿನಿಯರಿಂಗ್ ಪದವಿ ಇರಲಿಲ್ಲ.