ಸೆಟ್ಟರ್ ಬರೆದ ಮಾತ್ರಕ್ಕೆ ಎನ್‌ಕ್ಯಾಪ್ಸುಲೇಷನ್ ಆಗದು

‘ಎನ್‌ಕ್ಯಾಪ್ಸುಲೇಷನ್ ಎಂದರೇನು?’ ಫ್ರೆಷರ್‌ಗಳ ಸಂದರ್ಶನದಲ್ಲಿ ಸಾಮಾನ್ಯವಾಗಿ ಎದುರಾಗುವ ಪ್ರಶ್ನೆ. ಡೇಟಾ ಮತ್ತು ಮೆಥಡ್‌ಗಳನ್ನು ಒಂದೇ ಕ್ಲಾಸ್‌ನೊಳಗೆ ಇಡುವುದು ಎಂದು ಗಿಳಿಪಾಠ ಒಪ್ಪಿಸುತ್ತೇವೆ. ‘ಹಾಗಾದರೆ ಪ್ರತಿಯೊಂದು ಪ್ರೈವೇಟ್ ವೇರಿಯಬಲ್‌ಗೂ ಸೆಟ್ಟರ್ ಏಕೆ?’ ಎಂದು ಮರುಪ್ರಶ್ನೆ ಬಂದರೆ ತಡವರಿಸುತ್ತೇವೆ. ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಅಲ್ಲೇ ನೇತುಹಾಕಿದಂತೆ ಅದು.

ಕೆಲಸ ಹುಡುಕುತ್ತಿರುವ ನಾವು ಕೆಲವರು ಶ್ರೀನಗರದಲ್ಲಿ ಒಟ್ಟಿಗೆ ಓದುತ್ತೇವೆ. ಇದನ್ನು ಅರ್ಥ ಮಾಡಿಸಲು ನಾನು ಕೊಡುವ ಉದಾಹರಣೆ ದರ್ಶಿನಿಯದು. 1983ರಲ್ಲಿ ಜಯನಗರದಲ್ಲಿ ಆರಂಭವಾದ ಕೆಫೆ ದರ್ಶಿನಿಯ ನಂತರ ಊರೆಲ್ಲ ಹಬ್ಬಿದ ಈ ಹೋಟೆಲುಗಳಲ್ಲಿ ಮೊದಲು ಹಣ ಕೊಟ್ಟು ಟೋಕನ್ ಪಡೆಯಬೇಕು. ಯಾವ ತಿಂಡಿ, ಎಷ್ಟು ಪ್ಲೇಟ್ ಎಂದು ಹೇಳದೆ ಟೋಕನ್ ಹುಟ್ಟುವುದೇ ಇಲ್ಲ. ಕನ್‌ಸ್ಟ್ರಕ್ಟರ್ ಮಾಡಬೇಕಾದ ಕೆಲಸವೂ ಇದೇ. ‘ಒಂದು ಇಡ್ಲಿ’ಯನ್ನು ಪೆನ್ನಿನಲ್ಲಿ ‘ನಾಲ್ಕು’ ಎಂದು ತಿದ್ದಿದರೆ ಯಾರೂ ಒಪ್ಪುವುದಿಲ್ಲ. ಇನ್ನೊಂದು ವಡೆ ಬೇಕಿದ್ದರೆ ಮತ್ತೆ ಕ್ಯಾಷ್ ಕೌಂಟರಿಗೇ ಹೋಗಬೇಕು. ಎನ್‌ಕ್ಯಾಪ್ಸುಲೇಷನ್ ಎಂದರೆ ಇಷ್ಟೇ.

ಈಗ ವೆಬ್‌ಸೈಟ್‌ಗೆ ಬನ್ನಿ. ಖಾಲಿ ‘ಆರ್ಡರ್’ ಆಬ್ಜೆಕ್ಟ್ ಸೃಷ್ಟಿಸಿ, ಆಮೇಲೆ ಸೆಟ್ಟರ್‌ಗಳಿಂದ ಒಂದೊಂದೇ ವಿವರ ತುಂಬಿದರೆ, ನಡುವೆ ಒಂದು ಮರೆತರೂ ಅರೆಬರೆ ಆರ್ಡರ್ ಡೇಟಾಬೇಸ್ ಸೇರಬಹುದು. ಬದಲಿಗೆ ತಿಂಡಿ ಮತ್ತು ಸಂಖ್ಯೆಯನ್ನು ಕನ್‌ಸ್ಟ್ರಕ್ಟರ್‌ನಲ್ಲೇ ಕೇಳಿ. ಸಂಖ್ಯೆ ಸೊನ್ನೆ ಅಥವಾ ಮೈನಸ್ ಆಗಿದ್ದರೆ ಅಲ್ಲೇ ತಿರಸ್ಕರಿಸಿ. ಬ್ರೌಸರ್ ಕಳಿಸಿದ ಬೆಲೆಯನ್ನು ನಂಬಬೇಡಿ. ಫಾರ್ಮ್‌ನಲ್ಲಿ ಅಡಗಿಸಿಟ್ಟ ಬೆಲೆಯನ್ನೂ ಯಾರು ಬೇಕಾದರೂ ಬದಲಿಸಬಹುದು. ಸರ್ವರ್‌ನಲ್ಲಿರುವ ದರಪಟ್ಟಿ ನೋಡಿ ಒಟ್ಟು ಮೊತ್ತ ಲೆಕ್ಕ ಹಾಕಿ. ಮೊತ್ತಕ್ಕೆ ಸೆಟ್ಟರ್ ಬೇಡವೇ ಬೇಡ. ‘ಸೆಟ್‌ಸ್ಟೇಟಸ್’ ಬದಲು ‘ಕ್ಯಾನ್ಸಲ್’ ಎಂಬ ಮೆಥಡ್ ಇಟ್ಟರೆ, ತಲುಪಿಸಿದ ಆರ್ಡರನ್ನು ರದ್ದು ಮಾಡುವಂತಿಲ್ಲ ಎಂಬ ನಿಯಮ ಒಂದೇ ಕಡೆ ಇರುತ್ತದೆ.

ಹಾಗೆಂದು ಕನ್‌ಸ್ಟ್ರಕ್ಟರ್‌ನೊಳಗೆ ಇಮೇಲ್ ಕಳಿಸುವುದು, ಡೇಟಾಬೇಸ್ ಸಂಪರ್ಕ ತೆರೆಯುವುದು ಬೇಡ. ಟೆಸ್ಟ್ ಬರೆಯುವಾಗ ಕಷ್ಟ. ಬೇಕಾದುದನ್ನು ಹೊರಗಿನಿಂದ ಕೊಡಿ.

ಈ ಚಿಂತನೆಯ ಮೂಲ ನಾರ್ವೆಯ ಓಲೆ-ಯೋಹಾನ್ ದಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್ 1960ರ ದಶಕದಲ್ಲಿ ರೂಪಿಸಿದ ಸಿಮುಲಾ ಭಾಷೆಯಲ್ಲಿದೆ. ಪಿಎಚ್‌ಪಿಗೆ ‘ಪ್ರೈವೇಟ್’ ಬಂದದ್ದು 2004ರ ಐದನೇ ಆವೃತ್ತಿಯಲ್ಲಿ. 1995ರಲ್ಲಿ ಹುಟ್ಟಿದ ಜಾವಾಸ್ಕ್ರಿಪ್ಟ್‌ಗೆ ‘ಕ್ಲಾಸ್’ ಪದ 2015ರಲ್ಲಿ, ಹ್ಯಾಶ್ ಗುರುತಿನ ಪ್ರೈವೇಟ್ ಫೀಲ್ಡ್ 2022ರಲ್ಲಿ ಅಧಿಕೃತವಾಗಿ ಸೇರಿದವು. ಅದಕ್ಕೂ ಮುಂಚೆ ಹೆಸರಿನ ಮುಂದೆ ಅಂಡರ್‌ಸ್ಕೋರ್ ಹಾಕುವ ರೂಢಿಯಿತ್ತು. ಅದು ‘ಮುಟ್ಟಬೇಡಿ’ ಎಂಬ ವಿನಂತಿ ಮಾತ್ರ.

ಸಂದರ್ಶನಕ್ಕೆ ಮುನ್ನ ನಿಮ್ಮ ಕಾಲೇಜು ಪ್ರಾಜೆಕ್ಟ್ ತೆರೆದು ಸೆಟ್ಟರ್‌ಗಳನ್ನು ಒಂದೊಂದಾಗಿ ಅಳಿಸಿ ನೋಡಿ. ಯಾವುದು ನಿಜಕ್ಕೂ ಬೇಕು, ಏಕೆ ಬೇಕು ಎಂದು ಬರೆದಿಟ್ಟುಕೊಳ್ಳಿ. ಆ ಮರುಪ್ರಶ್ನೆ ಬಂದಾಗ ಹೇಳಲು ನಿಮ್ಮದೇ ಕೋಡ್‌ನ ಉದಾಹರಣೆ ಇರುತ್ತದೆ.