‘ಕೋಟಾ ಫ್ಯಾಕ್ಟರಿ’ ಮತ್ತು ಆಳಂದದ ಮಕ್ಕಳು

2019ರಲ್ಲಿ ಯೂಟ್ಯೂಬ್‌ನಲ್ಲಿ ಆರಂಭವಾಗಿ, 2021ರಿಂದ ನೆಟ್‌ಫ್ಲಿಕ್ಸ್‌ನಲ್ಲಿ ಮುಂದುವರಿದ ಹಿಂದಿ ಧಾರಾವಾಹಿ ‘ಕೋಟಾ ಫ್ಯಾಕ್ಟರಿ’ಯನ್ನು ನಮ್ಮ ಯುವಜನರು ಬಲ್ಲರು. ರಾಜಸ್ಥಾನದ ಕೋಟಾದಲ್ಲಿ ಪ್ರವೇಶ ಪರೀಕ್ಷೆಗಳಿಗೆ ತಯಾರಾಗುವ ಮಕ್ಕಳ ಬದುಕನ್ನು ಅದು ಬಹುಪಾಲು ಕಪ್ಪು-ಬಿಳುಪಿನಲ್ಲೇ ತೋರಿಸುತ್ತದೆ. ಮೆಚ್ಚತಕ್ಕ ಕೃತಿಯೇ. ಆದರೆ ಅದರಲ್ಲಿರುವುದು ಕೋಟಾ ತಲುಪಿದವರ ಕಷ್ಟ.

ಆಳಂದ, ಅಫಜಲಪುರ, ಜೇವರ್ಗಿಗಳ ಕಷ್ಟ ಬೇರೆ. ಈ ತಾಲೂಕುಗಳು 2005ರಲ್ಲಿ ಸ್ಥಾಪನೆಯಾದ ಕಲಬುರಗಿ ಧರ್ಮಕ್ಷೇತ್ರಕ್ಕೆ ಸೇರಿವೆ. ಕರಾವಳಿಯ ಗುರುಗಳೂ ಧರ್ಮಭಗಿನಿಯರೂ ಆ ಧರ್ಮಕ್ಷೇತ್ರದಲ್ಲಿ ಸೇವೆ ಸಲ್ಲಿಸುತ್ತಿದ್ದಾರೆ. ತೊಗರಿ ಬೆಳೆಯುವ ಮನೆಯ ಹುಡುಗಿ ಹತ್ತನೆಯವರೆಗೆ ಕನ್ನಡದಲ್ಲಿ ಓದಿ, ಪಿಯುಸಿಯಲ್ಲಿ ಒಮ್ಮೆಲೇ ಭೌತಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಎದುರಿಸುತ್ತಾಳೆ. ಬುದ್ಧಿ ಸಾಲದೆಂದಲ್ಲ, ಪದ ತಿಳಿಯದೆ ಹಿಂದೆ ಬೀಳುತ್ತಾಳೆ.

2017ರಿಂದ ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ದೊರೆಯುತ್ತಿದೆ. ಜೊತೆಗೆ ಇಂಗ್ಲಿಷ್ ರೂಪವೂ ಇರುತ್ತದೆ. ಅರ್ಜಿ ತುಂಬುವಾಗಲೇ ಭಾಷೆ ಆರಿಸಬೇಕು. ಸೈಬರ್ ಅಂಗಡಿಯವನು ಅವಸರದಲ್ಲಿ ಒತ್ತಿದ್ದೇ ಅಂತಿಮವಾಗಬಾರದು.

ಇನ್ನು ಸಂವಿಧಾನದ 371(ಜೆ) ವಿಧಿ. 2012ರ ತಿದ್ದುಪಡಿಯಿಂದ ಬಂದ ಈ ವಿಧಿಯನ್ವಯ, ಕಲ್ಯಾಣ ಕರ್ನಾಟಕದ ವೃತ್ತಿಶಿಕ್ಷಣ ಸಂಸ್ಥೆಗಳ ಸರ್ಕಾರಿ ಪಾಲಿನ ಸೀಟುಗಳಲ್ಲಿ ಶೇ. 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ಆ ಭಾಗದವರಿಗೆ ಮೀಸಲು. ಇದಕ್ಕೆ ಉಪವಿಭಾಗಾಧಿಕಾರಿ ನೀಡುವ ಅರ್ಹತಾ ಪತ್ರ ಬೇಕು. ಕೋಚಿಂಗ್ ಶುಲ್ಕ ಹೊಂದಿಸಿದ ಪಾಲಕರೂ ಇದನ್ನು ಕೊನೆಯ ವಾರಕ್ಕೆ ಬಿಡುವುದುಂಟು. ಧರ್ಮಕೇಂದ್ರದವರೂ ವಸತಿನಿಲಯ ನಡೆಸುವವರೂ ಪಿಯುಸಿ ಮೊದಲ ವರ್ಷದಲ್ಲೇ ಪ್ರತಿ ಮಗುವಿನ ಕಡತ ತೆರೆದು, ಈ ಪತ್ರ ಇದೆಯೇ ಎಂದು ನೋಡಲಿ.