ಬೆರಳಿಗೆ ದಕ್ಕುವ ಆಟದ ಮಣೆ

ಮುಟ್ಟಿದ ಕಾಯಿಯನ್ನು ನಡೆಸಲೇಬೇಕೆಂಬುದು ಚದುರಂಗದ ಸ್ಪರ್ಧೆಗಳಲ್ಲಿ ಅತ್ಯಂತ ಕಟ್ಟುನಿಟ್ಟಾಗಿ ಪಾಲನೆಯಾಗುವ ನಿಯಮಗಳಲ್ಲೊಂದು. ಕಣ್ಣು ಕಾಣುವವರಿಗೆ ಇದರಿಂದ ವಿಶೇಷ ತೊಡಕೇನೂ ಇಲ್ಲ. ಅವರು ಕಣ್ಣಿನಿಂದ ನೋಡಿ ಕೈಯಿಂದ ನಡೆಸುವುದರಿಂದ ಅವೆರಡು ಕೆಲಸಗಳು ತಾವಾಗಿಯೇ ಬೇರೆಯಾಗಿರುತ್ತವೆ. ಅಂಧ ಆಟಗಾರರಿಗಾದರೋ ನೋಡುವುದೂ ಕೈ, ನಡೆಸುವುದೂ ಕೈ. ಒಂದು ಕುದುರೆಯನ್ನು ಮುಂದಿಡುವ ಮೊದಲು ಅವರು ಮಣೆಯ ಮೇಲಿನ ಹತ್ತಾರು ಕಾಯಿಗಳನ್ನು ಸವರಿ ನೋಡಬೇಕಾಗುತ್ತದೆ, ಮತ್ತು ಹಾಗೆ ಸವರುವಾಗ ಯಾವ ಕಾಯಿಯೂ ಉರುಳಬಾರದು, ಪಕ್ಕದ ಮನೆಗೆ ಜರುಗಬಾರದು, ನಿಯಮದ ಪ್ರಕಾರ ‘ಮುಟ್ಟಿದಂತೆ’ಯೂ ಆಗಬಾರದು. ಅಂಧರಿಗಾಗಿ ಆಟದ ಮಣೆಯನ್ನು ಸಿದ್ಧಪಡಿಸುವುದೆಂದರೆ ಅದರ ಮೇಲೆ ಬ್ರೈಲ್ ಅಕ್ಷರಗಳನ್ನು ಮೂಡಿಸುವುದು ಎಂಬ ತಿಳಿವಳಿಕೆ ಸಾಮಾನ್ಯವಾಗಿದೆಯಾದರೂ, ನಿಜವಾಗಿ ಬಿಡಿಸಬೇಕಾದ ಗಂಟು ಇರುವುದು ಇಲ್ಲಿ.

ಚದುರಂಗ ಈ ಗಂಟನ್ನು ಬಿಡಿಸಿರುವ ರೀತಿ ಬಹಳ ಸರಳವಾದದ್ದು. ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯ ನಿಯಮಾವಳಿಯಲ್ಲಿ ದೃಷ್ಟಿದೋಷವುಳ್ಳ ಆಟಗಾರರಿಗಾಗಿಯೇ ಪ್ರತ್ಯೇಕ ಮಾರ್ಗಸೂಚಿಯಿದೆ. ಅದರಂತೆ ಇಂಥ ಮಣೆ ಕನಿಷ್ಠ 20 ಸೆಂಟಿಮೀಟರ್ ಉದ್ದಗಲ ಇರಬೇಕು, ಕಪ್ಪು ಮನೆಗಳು ಬಿಳಿಯವುಗಳಿಗಿಂತ ತುಸು ಎತ್ತರದಲ್ಲಿರಬೇಕು, ಪ್ರತಿ ಮನೆಯ ನಡುವೆ ಒಂದು ರಂಧ್ರವಿರಬೇಕು, ಕಾಯಿಗಳ ತಳದಲ್ಲಿ ಆ ರಂಧ್ರಕ್ಕೆ ಕೂರುವ ಗೂಟವಿರಬೇಕು. ಕಪ್ಪು ಕಾಯಿಗಳಿಗೆ ಬೆರಳಿಗೆ ತಿಳಿಯುವಂಥ ಗುರುತು ಇರಬೇಕಾದ್ದರಿಂದ, ಸಾಮಾನ್ಯವಾಗಿ ಅವುಗಳ ನೆತ್ತಿಯ ಮೇಲೆ ಸಣ್ಣ ಮೊಳೆಯೊಂದನ್ನು ಕೂರಿಸಿರುತ್ತಾರೆ. ಕಪ್ಪು ಮನೆಗಳನ್ನು ಎತ್ತರಿಸುವುದರ ಪ್ರಯೋಜನ ಮೇಲುನೋಟಕ್ಕೆ ಕಾಣುವುದಕ್ಕಿಂತ ಹೆಚ್ಚಿನದು: ನೇರವಾಗಿ ಸರಿಯುವ ಬೆರಳು ಮನೆ ಮನೆಗೂ ಏರಿಳಿಯುತ್ತದೆ, ಓರೆಯಾಗಿ ಸರಿಯುವ ಬೆರಳು ಒಂದೇ ಮಟ್ಟದಲ್ಲಿ ಸಾಗುತ್ತದೆ, ಹೀಗಾಗಿ ಆನೆಯ ದಾರಿ ಯಾವುದು, ಒಂಟೆಯ ದಾರಿ ಯಾವುದು ಎಂಬುದನ್ನು ಮಣೆಯೇ ಹೇಳುತ್ತದೆ. ಇನ್ನು ಮುಟ್ಟುವ ನಿಯಮದ ವಿಷಯಕ್ಕೆ ಬಂದರೆ, ಕಾಯಿಯನ್ನು ಅದರ ರಂಧ್ರದಿಂದ ಹೊರತೆಗೆದಾಗ ಮಾತ್ರ ಅದು ‘ಮುಟ್ಟಿದಂತೆ’ ಎಂದು ಮಾರ್ಗಸೂಚಿ ಹೇಳುತ್ತದೆ. ಆ ಪುಟ್ಟ ರಂಧ್ರ ಕಾಯಿಯನ್ನು ಹಿಡಿದು ನಿಲ್ಲಿಸುವುದರ ಜೊತೆಗೆ ನೋಡುವ ಸ್ಪರ್ಶಕ್ಕೂ ನಡೆಸುವ ಸ್ಪರ್ಶಕ್ಕೂ ನಡುವೆ ಗೆರೆ ಎಳೆಯುತ್ತದೆ. ಆಟದ ಮೂಲ ನಿಯಮಗಳಲ್ಲಿ ಒಂದನ್ನೂ ಬದಲಿಸುವ ಅಗತ್ಯ ಬೀಳುವುದಿಲ್ಲ.

ಸ್ಪರ್ಧೆಯಲ್ಲಿ ಇಬ್ಬರ ನಡುವೆ ಒಂದೇ ಮಣೆ ಇರುವುದಿಲ್ಲ. ಆಟಗಾರರಲ್ಲಿ ಯಾರೊಬ್ಬರು ಕೇಳಿದರೂ ಎರಡು ಮಣೆಗಳನ್ನು ಒದಗಿಸಲೇಬೇಕಾಗಿದ್ದು, ಒಬ್ಬರು ತಮ್ಮ ನಡೆಯನ್ನು ಗಟ್ಟಿಯಾಗಿ ಹೇಳುತ್ತಾರೆ, ಎದುರಾಳಿ ಅದನ್ನು ಪುನರುಚ್ಚರಿಸಿ ತಮ್ಮ ಮಣೆಯಲ್ಲಿಯೂ ನಡೆಸಿಕೊಳ್ಳುತ್ತಾರೆ. ಬಿ, ಡಿ, ಇ ಮೊದಲಾದ ಅಕ್ಷರಗಳು ಕಿವಿಗೆ ಒಂದೇ ರೀತಿ ಕೇಳಿಸಿ ಗೊಂದಲವಾಗುವ ಸಾಧ್ಯತೆಯಿರುವುದರಿಂದ, ಮಣೆಯ ಎಂಟು ಕಂಬಸಾಲುಗಳಿಗೆ ಅನ್ನಾ, ಬೆಲ್ಲಾ, ಸೀಸರ್, ಡೇವಿಡ್, ಇವಾ, ಫೆಲಿಕ್ಸ್, ಗುಸ್ಟಾವ್, ಹೆಕ್ಟರ್ ಎಂಬ ಹೆಸರುಗಳನ್ನು ಸೂಚಿಸಲಾಗಿದೆ. ಅಡ್ಡಸಾಲುಗಳ ಸಂಖ್ಯೆಗಳನ್ನೂ ಕಾಯಿಗಳ ಹೆಸರುಗಳನ್ನೂ ಜರ್ಮನ್ ಭಾಷೆಯಲ್ಲಿ ಹೇಳುವ ಪದ್ಧತಿಯಿದೆ. ಹೀಗಾಗಿ ಸಾಮಾನ್ಯ ಚೆಸ್ ಸ್ಪರ್ಧೆಯ ನಿಶ್ಶಬ್ದಕ್ಕೆ ಒಗ್ಗಿದವರಿಗೆ ಅಂಧರ ಸ್ಪರ್ಧೆಯ ಸಭಾಂಗಣ ಪಾಠ ಒಪ್ಪಿಸುವ ತರಗತಿಯಂತೆ ತೋರಿದರೆ ಆಶ್ಚರ್ಯವಿಲ್ಲ. ಬಾಯಿತಪ್ಪಿ ಬೇರೆ ಮನೆಯ ಹೆಸರು ಹೇಳಿದರೆ ಎದುರಾಳಿಯ ಗಡಿಯಾರ ಓಡಲು ಆರಂಭಿಸುವ ಮೊದಲೇ ತಿದ್ದಿಕೊಳ್ಳಬೇಕು. ಎರಡು ಮಣೆಗಳ ಸ್ಥಿತಿ ಪರಸ್ಪರ ಹೊಂದದಿರುವುದು ನಡುವೆ ಎಲ್ಲೋ ತಿಳಿದುಬಂದರೆ, ತೀರ್ಪುಗಾರರು ಇಬ್ಬರೂ ಬರೆದಿಟ್ಟ ನಡೆಗಳ ದಾಖಲೆಯನ್ನು ಪರಿಶೀಲಿಸಿ ಸರಿಪಡಿಸುತ್ತಾರೆ. ಆ ದಾಖಲೆ ಬ್ರೈಲ್ ಲಿಪಿಯಲ್ಲಿರಬಹುದು, ಕೈಬರಹದಲ್ಲಿರಬಹುದು, ಇಲ್ಲವೇ ವಿದ್ಯುನ್ಮಾನ ಉಪಕರಣದಲ್ಲಿರಬಹುದು. ಗಡಿಯಾರವೂ ಬೆರಳಿನಿಂದಲೇ ಓದುವಂಥದ್ದು: ಗಟ್ಟಿ ಮುಳ್ಳುಗಳು, ಐದೈದು ನಿಮಿಷಕ್ಕೆ ಒಂದು ಉಬ್ಬುಚುಕ್ಕೆ, ಹದಿನೈದು ನಿಮಿಷಕ್ಕೆ ಎರಡು. ಸಮಯವನ್ನು ಕಿವಿಯಲ್ಲಿ ಉಸುರುವ ಗಡಿಯಾರಗಳು ಈಗ ಬಂದಿವೆ.

ಇಲ್ಲಿ ಒಂದು ಭ್ರಮೆಯನ್ನು ನಿವಾರಿಸಿಕೊಳ್ಳುವುದು ಅಗತ್ಯ. ಮಣೆಯನ್ನು ನೋಡದೆ ಕೇವಲ ನೆನಪಿನ ಬಲದಿಂದ ಆಡುವ ಚದುರಂಗದ ಪರಂಪರೆಯೊಂದು ಬೇರೆಯೇ ಇದ್ದು, ಫ್ರಾನ್ಸಿನ ಫಿಲಿಡೋರ್ 18ನೆಯ ಶತಮಾನದಲ್ಲಿಯೇ ಏಕಕಾಲಕ್ಕೆ ಮೂವರೊಡನೆ ಹಾಗೆ ಆಡಿ ಹೆಸರಾಗಿದ್ದನು. ಅದು ಕಣ್ಣಿದ್ದವರ ಸ್ಮರಣಶಕ್ತಿಯ ಪ್ರದರ್ಶನ. ಅಂಧರ ಚದುರಂಗವನ್ನು ಅದರೊಂದಿಗೆ ಸೇರಿಸಿ ಮೆಚ್ಚುವುದು ಅಷ್ಟೇನೂ ನ್ಯಾಯವಲ್ಲ, ಏಕೆಂದರೆ ಅಂಧ ಆಟಗಾರರು ಅವಧಾನವನ್ನು ಮಾಡುತ್ತಿರುವುದಿಲ್ಲ, ಮಣೆಯನ್ನು ಓದುತ್ತಿರುತ್ತಾರೆ, ಮತ್ತು ಅವರ ಸಾಧನೆಯನ್ನು ಆಟದ ಗುಣದಿಂದಲೇ ಅಳೆಯಬೇಕು.

ಈ ಆಟಕ್ಕೆ ಸಂಘಟಿತ ರೂಪ ಕೊಟ್ಟವರಲ್ಲಿ ಮುಖ್ಯನಾದವನು ಇಂಗ್ಲೆಂಡಿನ ವೂಸ್ಟರ್ ಅಂಧರ ಕಾಲೇಜಿನಲ್ಲಿ ಗಣಿತದ ಅಧ್ಯಾಪಕನಾಗಿದ್ದ, ಸ್ವತಃ ದೃಷ್ಟಿದೋಷವಿದ್ದ ರೆಜಿನಾಲ್ಡ್ ಬಾನಮ್. ಆತ 1934ರಲ್ಲಿ ಬ್ರೈಲ್ ಲಿಪಿಯ ಚೆಸ್ ಪತ್ರಿಕೆಯೊಂದನ್ನು ಹುಟ್ಟುಹಾಕಿದನು. ಅಂಚೆಯ ಮೂಲಕ ನಡೆಗಳನ್ನು ಬರೆದು ಕಳುಹಿಸಿ ಆಡುವ ಪತ್ರಚದುರಂಗವೂ ಆ ಕಾಲದ ಅಂಧ ಆಟಗಾರರಿಗೆ ಹೇಳಿಮಾಡಿಸಿದಂತಿತ್ತು. ದೂರದ ಊರಿಗೆ ಒಬ್ಬಂಟಿಯಾಗಿ ಪ್ರಯಾಣಿಸುವ ಕಷ್ಟ ಅಲ್ಲಿಲ್ಲ, ಗಡಿಯಾರದ ಒತ್ತಡವೂ ಇಲ್ಲ. 1961ರಲ್ಲಿ ಜರ್ಮನಿಯ ಮೆಶೆಡೆಯಲ್ಲಿ ಅಂಧರ ಮೊದಲ ಚೆಸ್ ಒಲಿಂಪಿಯಾಡ್ ನಡೆಯಿತು. ಇಂದು ಈ ಕ್ಷೇತ್ರವನ್ನು ನಡೆಸುತ್ತಿರುವ ಅಂತರರಾಷ್ಟ್ರೀಯ ಬ್ರೈಲ್ ಚೆಸ್ ಸಂಘಕ್ಕೆ ಫಿಡೆಯ ಸಾಮಾನ್ಯ ಒಲಿಂಪಿಯಾಡಿನಲ್ಲಿಯೂ ತನ್ನದೊಂದು ತಂಡವನ್ನು ಇಳಿಸುವ ಅವಕಾಶವಿದ್ದು, ಆ ತಂಡ ದೃಷ್ಟಿಯುಳ್ಳವರ ರಾಷ್ಟ್ರೀಯ ತಂಡಗಳ ಎದುರು ಯಾವ ರಿಯಾಯಿತಿಯೂ ಇಲ್ಲದೆ ಆಡುತ್ತದೆ. ಇಂಥದ್ದು ಬೇರೆ ಎಷ್ಟು ಕ್ರೀಡೆಗಳಲ್ಲಿ ಸಾಧ್ಯವೆಂದು ಯೋಚಿಸಿದರೆ ಚದುರಂಗಕ್ಕಿರುವ ವಿಶೇಷ ಸ್ಥಾನ ಗೊತ್ತಾಗುತ್ತದೆ.

ಭಾರತದಲ್ಲಿ ಈ ಆಟ ಬೇರೂರಿದ್ದರ ಹಿಂದೆ ಅಖಿಲ ಭಾರತ ಅಂಧರ ಚೆಸ್ ಒಕ್ಕೂಟವನ್ನು ಕಟ್ಟಿದ, ಸ್ವತಃ ಅಂಧ ಆಟಗಾರರಾದ ಮುಂಬೈಯ ಚಾರುದತ್ತ ಜಾಧವ್ ಅವರ ದುಡಿಮೆಯಿದೆ. ಇಯಾನ್ ಮೆಕ್‌ಡೊನಾಲ್ಡ್ 2012ರಲ್ಲಿ ಹೊರತಂದ ‘ಅಲ್ಗಾರಿದಮ್ಸ್’ ಎಂಬ ಕಪ್ಪುಬಿಳುಪು ಸಾಕ್ಷ್ಯಚಿತ್ರ ಅವರನ್ನೂ ಮೂವರು ಎಳೆಯ ಆಟಗಾರರನ್ನೂ ಕೆಲವು ವರ್ಷ ಹಿಂಬಾಲಿಸಿ ಚಿತ್ರಿಸಿದ್ದು. ಆ ಮೂವರಲ್ಲಿ ಒಬ್ಬರಾದ ವಡೋದರಾದ ದರ್ಪಣ್ ಇನಾನಿ ಮುಂದೆ, 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಪ್ಯಾರಾ ಕ್ರೀಡಾಕೂಟದ ಬಿ1 ವಿಭಾಗದಲ್ಲಿ ಚಿನ್ನ ಗೆದ್ದರು. ಬಿ1 ಎಂದರೆ ದೃಷ್ಟಿ ಇಲ್ಲವೇ ಇಲ್ಲ ಎನ್ನಬಹುದಾದವರ ವರ್ಗ. ಅಲ್ಪಸ್ವಲ್ಪ ದೃಷ್ಟಿ ಉಳಿದಿರುವವರು ಅದರ ಪ್ರಮಾಣಕ್ಕೆ ಅನುಗುಣವಾಗಿ ಬಿ2 ಮತ್ತು ಬಿ3 ವರ್ಗಗಳಿಗೆ ಸೇರುತ್ತಾರೆ. ಶಿವಮೊಗ್ಗದ ಕಿಶನ್ ಗಂಗೊಳ್ಳಿ 2018ರ ಜಕಾರ್ತಾ ಕೂಟದಲ್ಲಿ ಬಿ2-ಬಿ3 ವಿಭಾಗದ ಕ್ಷಿಪ್ರ ಚದುರಂಗದ ಚಿನ್ನವನ್ನು ತಂದವರು. ಮಣೆಯನ್ನು ಸವರಿ ನೋಡಲು ತಗಲುವ ಸಮಯವೂ ಲೆಕ್ಕಕ್ಕೆ ಬರುವ ಈ ಆಟದಲ್ಲಿ ಕ್ಷಿಪ್ರ ಪ್ರಕಾರದ ಗೆಲುವಿನ ತೂಕ ಹೆಚ್ಚಿನದೆಂದೇ ಹೇಳಬೇಕು.

ಉಳಿದ ಆಟಗಳು ಬೆರಳಿಗೆ ಎಷ್ಟರಮಟ್ಟಿಗೆ ಒಲಿಯುತ್ತವೆ ಎಂಬುದು ಅವುಗಳ ಸ್ವಭಾವವನ್ನು ಅವಲಂಬಿಸಿದೆ. ಇಸ್ಪೀಟಿನಲ್ಲಿ ಕಷ್ಟ ಕಡಿಮೆ. ಎಲೆಯ ಮೂಲೆಯಲ್ಲಿ ಬ್ರೈಲ್ ಚುಕ್ಕೆಗಳಿದ್ದರೆ ಸಾಕು, ಆಡಿದ ಎಲೆಯ ಹೆಸರನ್ನು ಎಲ್ಲರೂ ಬಾಯಲ್ಲಿ ಹೇಳುವ ಒಪ್ಪಂದವಿದ್ದರೆ ಆಟ ನಡೆಯುತ್ತದೆ. 2019ರಲ್ಲಿ ಮ್ಯಾಟೆಲ್ ಕಂಪನಿ ಊನೋ ಆಟದ ಬ್ರೈಲ್ ಆವೃತ್ತಿಯನ್ನು ಹೊರತಂದದ್ದು ಈ ಸುಲಭದ ದಾರಿಯಲ್ಲಿಯೇ. ಅಕ್ಷರದ ಬಿಲ್ಲೆಗಳನ್ನು ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಅದಕ್ಕಿಂತ ಜಟಿಲವಾದದ್ದು. ಮನೆಗಳ ಸುತ್ತ ಉಬ್ಬಿದ ಅಂಚು ಮಾಡಿ ಬಿಲ್ಲೆಗಳು ಜಾರದಂತೆ ತಡೆಯಬಹುದಾದರೂ, ಎಡದಿಂದ ಬಲಕ್ಕೆ ಓದಿ ಪಳಗಿದ ಬೆರಳು ಮೇಲಿನಿಂದ ಕೆಳಕ್ಕೆ ಇಳಿಯುವ ಪದವನ್ನು ಒಂದೊಂದೇ ಅಕ್ಷರವಾಗಿ ಕೂಡಿಸಿಕೊಳ್ಳಬೇಕಾಗುತ್ತದೆ. ಇಂಥ ಆಟವನ್ನು ಕನ್ನಡದಲ್ಲಿ ಮಾಡಹೊರಟವರಿಗೆ ಇನ್ನೊಂದು ಪ್ರಶ್ನೆ ಎದುರಾಗುತ್ತದೆ: ಭಾರತಿ ಬ್ರೈಲ್‌ನಲ್ಲಿ ಒತ್ತಕ್ಷರವೊಂದಕ್ಕೆ ಹಲವು ಚುಕ್ಕೆಗುಂಪುಗಳು ಸಾಲಾಗಿ ಬರುವುದರಿಂದ, ಒಂದು ಅಕ್ಷರಕ್ಕೆ ಒಂದು ಬಿಲ್ಲೆ ಎಂಬ ಲೆಕ್ಕ ಅಲ್ಲಿ ನಿಲ್ಲುವುದಿಲ್ಲ.

ಯಾವ ಮಾರ್ಪಾಡೂ ಬೇಡದ ಆಟವೊಂದು ಕರ್ನಾಟಕದ ಹಳೆಯ ಮನೆಗಳಲ್ಲಿಯೇ ಇದೆ. ಎರಡು ಸಾಲುಗಳಲ್ಲಿ ಏಳೇಳರಂತೆ ಹದಿನಾಲ್ಕು ಗುಳಿಗಳಿರುವ ಅಳಗುಳಿಮಣೆಯಲ್ಲಿ ಹುಣಸೆಬೀಜಗಳಿಗೆ ಬಣ್ಣದ ಭೇದವಿಲ್ಲ, ಒಡೆತನದ ಗುರುತಿಲ್ಲ. ಗುಳಿಗೆ ಬೆರಳಿಟ್ಟು ಎಣಿಸಿದರೂ ಬೀಜಗಳು ಅಲ್ಲಿಯೇ ಉಳಿಯುತ್ತವೆ. ಚದುರಂಗಕ್ಕೆ ರಂಧ್ರ ಕೊರೆದು ಒದಗಿಸಿದ ಅನುಕೂಲ ಇಲ್ಲಿ ಹುಟ್ಟಿನಿಂದಲೇ ಬಂದಿದೆ. ಚೌಕಾಬಾರದ ಕವಡೆಯೂ ಹಾಗೆಯೇ; ಬಾಯಿ ಯಾವುದು, ಬೆನ್ನು ಯಾವುದು ಎಂಬುದು ಬೆರಳಿಗೆ ತಕ್ಷಣ ತಿಳಿಯುತ್ತದೆ. ಆದರೆ ನೆಲದ ಮೇಲೆ ಚೆಲ್ಲಿದ ಕವಡೆಯನ್ನು ಹುಡುಕುವಾಗ ಅದು ಮಗುಚಿಕೊಳ್ಳುವ ಅಪಾಯವಿರುವುದರಿಂದ ಅಂಚಿರುವ ತಟ್ಟೆಯಲ್ಲಿ, ಬಟ್ಟೆ ಹಾಸಿ ಎಸೆಯುವುದು ಒಳ್ಳೆಯದು. ದೇವಾಲಯದ ಕಲ್ಲುಹಾಸಿನ ಮೇಲೆ ಕೊರೆದಿರುವ ಹುಲಿ-ಕುರಿ ಆಟದ ಗೆರೆಗಳು ಬೆರಳಿಗೆ ಸಿಗುತ್ತವೆ, ಅದರ ಮೇಲಿಟ್ಟ ಹರಳು ಮಾತ್ರ ತಾಗಿದರೆ ಸರಿದುಹೋಗುತ್ತದೆ.

ಹೀಗಾಗಿ ಮನೆಯಲ್ಲಿ ಇಂಥ ಮಣೆಯನ್ನು ಸಿದ್ಧಪಡಿಸಿಕೊಳ್ಳುವುದು ದುಬಾರಿ ಕೆಲಸವೇನಲ್ಲ. ಚೌಕಾಬಾರದ ಇಪ್ಪತ್ತೈದು ಮನೆಗಳ ಗೆರೆಗಳನ್ನು ದಪ್ಪ ಹುರಿಯಿಂದ ಅಂಟಿಸಿ, ಕಟ್ಟೆಮನೆಗಳಿಗೆ ಒರಟು ಬಟ್ಟೆಯ ತುಂಡು ಹಚ್ಚಿ, ನಾಲ್ವರ ಕಾಯಿಗಳನ್ನು ಬಣ್ಣದಿಂದ ಬೇರ್ಪಡಿಸುವ ಬದಲು ಗುಂಡಿ, ಹುಣಸೆಬೀಜ, ಮಣಿ, ಕಡ್ಡಿಚೂರು ಎಂದು ಆಕಾರದಿಂದ ಬೇರ್ಪಡಿಸಿದರೆ ಅರ್ಧ ಕೆಲಸ ಮುಗಿದಂತೆ. ಕಾಯಿಗಳು ಜರುಗದಿರಲು ಮನೆ ಮನೆಗೂ ಅಂಟುಪಟ್ಟಿಯ ಚೂರನ್ನು ಅಂಟಿಸಿ ಕಾಯಿಯ ತಳಕ್ಕೆ ಅದರ ಜೋಡಿಯನ್ನು ಹಚ್ಚುವುದುಂಟು. ಮಂದದೃಷ್ಟಿಯವರು ಆಡುವುದಾದರೆ ಕಪ್ಪು ಹಿನ್ನೆಲೆಯ ಮೇಲೆ ಹಳದಿ ಗೆರೆಗಳಂಥ ಎದ್ದುಕಾಣುವ ಜೋಡಿ ಬಣ್ಣಗಳೂ ನೆರವಿಗೆ ಬರುತ್ತವೆ. ಆಟಕ್ಕೆ ಕೂರುವ ಮುನ್ನ, ಪ್ರತಿಯೊಬ್ಬರೂ ಗರ ಎಷ್ಟು ಬಿತ್ತೆಂಬುದನ್ನೂ ಯಾವ ಕಾಯಿ ಎಲ್ಲಿಗೆ ಹೋಯಿತೆಂಬುದನ್ನೂ ಬಾಯಿಬಿಟ್ಟು ಹೇಳಬೇಕೆಂದು ಗೊತ್ತುಮಾಡಿಕೊಳ್ಳಬೇಕು. ಕಣ್ಣು ಕಾಣುವವರು ಹತ್ತು ನಿಮಿಷದಲ್ಲಿ ಮರೆತುಬಿಡುವ ನಿಯಮ ಸಾಮಾನ್ಯವಾಗಿ ಇದೊಂದೇ.